ಊರಿಗೆ ಬೆನ್ನು ಹಾಕಿದ ಆಂಟೆನಾ

ಬೆಟ್ಟದ ಬುಡದ ಆರೋಗ್ಯ ಕೇಂದ್ರದ ತಾರಸಿಯ ಮೇಲೆ ಹಳೆಯ ಕಡ್ಡಿ ಆಂಟೆನಾ ಒಂದಿತ್ತು. ನಾಲ್ಕು ದಿಕ್ಕಿಗೂ ಕಿವಿಗೊಡುತ್ತೇನೆಂಬ ಹೆಮ್ಮೆ ಅದಕ್ಕೆ. ಪಕ್ಕಕ್ಕೆ ಹೊಸದಾಗಿ ಬಂದ ಬಾಣದಂಥ ಆಂಟೆನಾ ಮಾತ್ರ ಊರಿಗೆ ಬೆನ್ನು ಹಾಕಿ ದೂರದ ಟವರನ್ನೇ ನೋಡುತ್ತಿತ್ತು. ಕಡ್ಡಿಗೆ ಅನುಮಾನ ಹುಟ್ಟಿತು.

“ಊರವರಿಂದ ಮುಖ ತಿರುಗಿಸಿಕೊಂಡು ಯಾರೊಡನೆ ಗುಟ್ಟು ನಡೆಸಿದ್ದೀಯೆ?”

“ಟವರಿನ ದನಿ ಬಹಳ ಕ್ಷೀಣ. ಅತ್ತ ನೋಡದಿದ್ದರೆ ನನಗೆ ಕೇಳಿಸದು.”

“ಕಳ್ಳರೂ ಏನಾದರೊಂದು ನೆಪ ಹೇಳುತ್ತಾರೆ,” ಎಂದ ಕಡ್ಡಿ, ಅಲ್ಲಿಗೆ ಬಂದ ಕರಿಮುಖದ ಕೋತಿ ಮುಸುವನಿಗೆ ಹೇಳಿ ಹೊಸ ಆಂಟೆನಾವನ್ನು ಊರಿನ ಕಡೆಗೆ ತಿರುಗಿಸಿತು.

ಅಷ್ಟರಲ್ಲಿ ಕೆಳಗೆ ಒಬ್ಬಾಕೆಯ ಹೆರಿಗೆ ಕಷ್ಟವಾಯಿತು. ನರ್ಸ್ ನೀಲಾವತಿ ಹೊಸ ಆಂಟೆನಾಗೆ ಜೋಡಿಸಿದ್ದ ಫೋನಿನಿಂದ ಆಂಬುಲೆನ್ಸಿಗೆ ಕರೆ ಮಾಡಿದರೆ ಬರೀ ಗೊರಗೊರ ಸದ್ದು. ಕಡ್ಡಿ ಮೈಯೆಲ್ಲ ಕಿವಿಯಾಗಿ ಆಲಿಸಿತು. ನಾಲ್ಕೂ ಕಡೆಯ ಗದ್ದಲ ಕೇಳಿಸಿತೇ ಹೊರತು ಟವರಿನ ಒಂದು ಮಾತೂ ಕೇಳಿಸಲಿಲ್ಲ. ಗಾಬರಿಗೊಂಡು ಮುಸುವನನ್ನು ಕರೆಯಿತು.

“ಅಣ್ಣಾ, ಅದನ್ನು ಮೊದಲಿನಂತೆಯೇ ತಿರುಗಿಸಿಬಿಡು.”

ತಿರುಗಿಸಿದ್ದೇ ತಡ, ಕರೆ ತಲುಪಿತು.

“ಏನಂದರು?” ಎಂದು ಕಡ್ಡಿ ಹೊಸ ಆಂಟೆನಾವನ್ನು ಮೆಲ್ಲಗೆ ಕೇಳಿತು.

“ಹೊರಟಿದ್ದಾರಂತೆ.”

ತನಗೆ ಕೇಳಿಸದ ಆ ಮಾತನ್ನು ಕಡ್ಡಿ ನಂಬಿತು.