ಪೂಜೆಗೊಂಡ ಎಣ್ಣೆ ಡಬ್ಬಿ

ಹುಲಿಗುಡ್ಡದ ರಾಣಿ ಗೌರಾಂಬೆ ಡಂಗುರ ಹೊಡೆಸಿದಳು: "ತೀರಿಕೊಂಡ ಮಹಾರಾಜರ ಕಾರಿನಲ್ಲಿ ಡ್ರೈವರ್ ಕೆಂಚೇಗೌಡನ ಪ್ರೇತ ಕೂತಿದೆ. ಅದರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರನ್ನು ಅದು ಹಿಂದಿನ ಸೀಟಿಗೆ ಎಳೆದುಕೊಳ್ಳುತ್ತದೆ. ಏಳನೆಯ ದಿನ ಹೊತ್ತು ಮುಳುಗುವಾಗ ಅವರ ಉಸಿರು ನಿಲ್ಲುತ್ತದೆ."

ಆ ಕಾರು ಘಾಟಿ ಏರುವಾಗ ನೀಲಿ ಹೊಗೆ ಕಾರಿ ನಿಂತು, ಹಿಂದಕ್ಕೆ ಜಾರಿ ಕಮರಿಗೆ ಬಿದ್ದಿತ್ತು. ರಾಜ, ಡ್ರೈವರ್ ಇಬ್ಬರೂ ಹೋದರು. ಮೇಲೆತ್ತಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದ ಮೇಲೆ ಮಟಮಟ ಮಧ್ಯಾಹ್ನ, ಕೀಲಿ ಹಾಕದೆಯೇ, ಎಂಜಿನ್ನು ಗುರುಗುಡುತ್ತಿತ್ತು.

ಮೊದಲು ಹೋದ ಸೇನಾಪತಿಯ ಮಗ ಎರಡು ಒಗಟು ಬಿಡಿಸಿ, ಮೂರನೆಯದಕ್ಕೆ 'ಲಾಭವುಂಟು' ಎಂದ. ಕಾರು ಅವನನ್ನು ಎಳೆದುಕೊಂಡಿತು. ಅದೇ ದಿನ ಹೋದ ಪೇಟೆಯ ಮೆಕ್ಯಾನಿಕ್ ಬೀರಪ್ಪ 'ಲಾಭವಿಲ್ಲ' ಎಂದ. ಅವನೂ ಒಳಗಾದ. ಗಾಜಿನ ಮೇಲೆ ಇಬ್ಬರ ಉಸಿರಿನ ಮಬ್ಬು ದಿನದಿನಕ್ಕೆ ತೆಳ್ಳಗಾಯಿತು.

ಬೀರಪ್ಪನ ತಮ್ಮ ಮೈಲಾರಿ ಲಾರಿ ಕ್ಲೀನರು. ಸುದ್ದಿ ತಿಳಿದು ಏಳನೆಯ ದಿನ ಮಧ್ಯಾಹ್ನ ಓಡಿಬಂದ. ಕಾವಲಿನವನು ನಕ್ಕ: "ಮೆಕ್ಯಾನಿಕ್ಕೇ ಒಳಗಾದ. ಚಕ್ರಕ್ಕೆ ಕಲ್ಲು ಕೊಡೋನು ನೀನೇನು ಮಾಡ್ತೀಯೋ?"

"ನನ್ನಣ್ಣ ಒಳಗಿದಾನೆ," ಎಂದು ಮೈಲಾರಿ ಶೆಡ್ಡಿನೊಳಗೆ ನಡೆದ.

ಸ್ಟೀರಿಂಗಿನ ಹಿಂದಿನಿಂದ ದನಿ ಬಂತು. ತಾನು ಬಿಟ್ಟ ಉಸಿರನ್ನೇ ತಾನು ಮತ್ತೆ ಎಳೆದುಕೊಳ್ಳುವವನು ಯಾರು ಎಂದು ಕೇಳಿತು. ಎಂಜಿನ್ನು, ಎಂದ ಮೈಲಾರಿ; ಪಿಸ್ಟನ್ ಸಂದಿನಲ್ಲಿ ಜಾರಿದ ಆವಿ ಎಣ್ಣೆ ಬೆರೆಸಿಕೊಂಡು ಪೈಪಿನಲ್ಲಿ ಅದರ ಬಾಯಿಗೇ ಮರಳುತ್ತದೆ. ಉಸಿರನ್ನು ಮುಂದೆ ಬಿಟ್ಟು ಜಿಡ್ಡನ್ನಷ್ಟೇ ಹಿಡಿದಿಡುವವನು ಯಾರು ಎಂದಿತು ಮತ್ತೆ. ಆ ಪೈಪಿನ ನಡುವೆ ಕೂರಿಸುವ ಡಬ್ಬಿ, ಎಂದ ಮೈಲಾರಿ; ಗ್ಯಾರೇಜಿನವರು ಅದನ್ನು ಕ್ಯಾಚ್ ಕ್ಯಾನ್ ಅನ್ನುತ್ತಾರೆ.

"ಆ ಡಬ್ಬಿ ಕೂರಿಸಿದವನು ನಾನು," ಎಂದಿತು ದನಿ. "ಅದರಿಂದ ಎಂಜಿನ್ನಿಗೆ ಲಾಭವೋ, ಅಲ್ಲವೋ?"

ಬಾನೆಟ್ ಎತ್ತದೆ ಹೇಳಲಾರೆ ಎಂದ ಮೈಲಾರಿ. ಎತ್ತಿದರೆ ಡಬ್ಬಿಗೆ ಪದರಪದರ ಕುಂಕುಮ, ಅರಿಶಿನ ದಾರ. ಎಣ್ಣೆ ಇಳಿಸುವ ತಳದ ತಿರುಪು ಕಾಣದಷ್ಟು.

"ಇದನ್ನ ಕಡೇ ಸಲ ಖಾಲಿ ಮಾಡಿದ್ದು ಯಾವಾಗ, ಗೌಡ್ರೇ?"

ಆಯುಧಪೂಜೆಯಲ್ಲಿ ದಾರ ಕಟ್ಟಿದ ಮೇಲೆ ಸ್ಪ್ಯಾನರ್ ತಾಗಿಸಬಾರದು, ಅರಮನೆಯ ಪದ್ಧತಿ. ಕಟ್ಟಿ ಮೂರು ವರ್ಷವಾಯಿತು, ಎಂದಿತು ದನಿ.

"ಹಳೇ ಎಂಜಿನ್ನಾದರೆ ಪೆಟ್ರೋಲೇ ವಾಲ್ವ್ ತೊಳೀತದೆ, ಡಬ್ಬಿಯಿಂದ ಅಂಥ ಲಾಭ ಇಲ್ಲ. ಇದರಲ್ಲಿ ಪೆಟ್ರೋಲು ನೇರ ಒಳಗೆ ಸಿಡೀತದೆ, ವಾಲ್ವಿಗೆ ಮಸಿ ಕಟ್ತದೆ. ಇಲ್ಲಿ ಡಬ್ಬಿ ಒಳ್ಳೇದೇ. ಖಾಲಿ ಮಾಡೋ ಕೈ ಇದ್ದರೆ ಮಾತ್ರ. ತುಂಬಿದ ಡಬ್ಬಿಯ ಎಣ್ಣೇನ ಏರಿನಲ್ಲಿ ಎಂಜಿನ್ನು ಒಂದೇ ಸಲ ಕುಡೀತು."

"ಹಾಗಾದರೆ ತಪ್ಪು ಯಾರದು?"

ಮೈಲಾರಿ ಗಾಜಿನ ಕಡೆ ನೋಡಿದ. ಮಬ್ಬು ಅಂಗೈಯಗಲ ಉಳಿದಿತ್ತು. ಪ್ರೇತಕ್ಕೆ ಹಿತವಾದ ಮಾತು ನಾಲಿಗೆವರೆಗೂ ಬಂತು.

"ನಿಮ್ಮದೇ, ಗೌಡ್ರೇ."

ಎಂಜಿನ್ನು ನಿಂತಿತು. ಹಿಂದಿನ ಬಾಗಿಲು ತೆರೆದು ಸೇನಾಪತಿಯ ಮಗ, ಅವನ ಹಿಂದೆ ಬೀರಪ್ಪ, ತೆವಳುತ್ತ ಹೊರಬಂದರು. ಡ್ರೈವರ್ ಸೀಟು ಖಾಲಿ, ಮುಟ್ಟಿದರೆ ಬೆಚ್ಚಗಿತ್ತು.

ಬೇಡಿದ್ದು ಕೇಳು ಎಂದಳು ರಾಣಿ. ಮೈಲಾರಿ ಲಾರಿ ಕೇಳಿ, ಪಡೆದು, ಅಂದೇ ಅಣ್ಣನನ್ನು ಕೂರಿಸಿಕೊಂಡು ಹೊರಟ. ಘಾಟಿಯ ನೆತ್ತಿಯಲ್ಲಿ ಬೀರಪ್ಪ ತಿರುಗಿ ಕಮರಿಯ ಕಡೆ ನೋಡಿದ.

"ಗೌಡ ಏಳು ದಿನವೂ ಅಳ್ತಾನೇ ಇದ್ದ ಕಣೋ," ಎಂದ. "ಚಳಿಯಾಗ್ತದೆ ಅಂತ ತನ್ನ ಕೋಟನ್ನ ನಮಗೆ ಹೊದಿಸಿದ್ದ."