ಹಾಡು ಬಾರದ ಕಂಪ್ಯೂಟರಿಗೆ ತಾಂಬೂಲ

ಒಂದಾನೊಂದು ಊರಿನಲ್ಲಿ, ಎಮ್ಮೆಗಳಿಗೆ ಇನ್ನೂ ಅಂಚೆ ಬರುತ್ತಿದ್ದ ಕಾಲದಲ್ಲಿ, ಮುದ್ದುಮಲ್ಲ ಎಂಬ ದೊರೆಯಿದ್ದ. ಅವನ ರಾಣಿ ಹೊನ್ನಾಜಮ್ಮ. ಅವನ ಅರಮನೆಯಲ್ಲಿ ಆನೆಗಾತ್ರದ ಒಂದು ಕಂಪ್ಯೂಟರ್. ಅದರ ಹೊಟ್ಟೆಯೊಳಗೆ ಒಂದು ಫ್ಯಾನು. ಫ್ಯಾನು ಗುಂಯ್ ಅಂದರೆ ಸೇನಾಪತಿಯ ಮೀಸೆ ಹಾರಿಹೋಗುತ್ತಿತ್ತು. ಹತ್ತೂರಿನ ಕರೆಂಟನ್ನು ಅದೊಂದೇ ತಿನ್ನುತ್ತಿತ್ತು.

ಆ ಗದ್ದಲದಲ್ಲಿ ರಾಣಿಯ ಮಾತು ದೊರೆಗೆ ಕೇಳುತ್ತಿರಲಿಲ್ಲ. ಅವಳು ಏನೋ ಅನ್ನುವಳು. ಇವನು "ಆಂ?" ಅನ್ನುವನು. ಅವಳು ಮತ್ತೆ ಅನ್ನುವಳು. ಇವನು ಮತ್ತೆ "ಆಂ?". ಹೀಗೇ ಇಪ್ಪತ್ತು ವರ್ಷ. ಮದುವೆಯಾದ ಹೊಸತರಲ್ಲಿ ಅವಳ ದನಿ ಹೇಗಿತ್ತು ಎಂದು ನೆನೆದು ನೆನೆದು ದೊರೆಗೆ ಅನ್ನ ಸೇರದಾಯಿತು.

"ಮಂತ್ರಿ, ಫ್ಯಾನಿಲ್ಲದ್ದೊಂದು ಹುಡುಕು" ಅಂದ.

"ಹೆಣ್ಣು ನೋಡೋ ಶಾಸ್ತ್ರ ಇಟ್ಕೊಳ್ಳೋಣ ಬುದ್ಧಿ" ಅಂದ ಮಂತ್ರಿ ಸಂಕಣ್ಣ.

ಉಪ್ಪಿಟ್ಟು, ಕೇಸರಿಬಾತು ಆಯಿತು. ಮೊದಲನೇ ಕಂಪ್ಯೂಟರ್ ಬಂದು ಮಣೆ ಮೇಲೆ ಕೂತಿತು.

"ಹಾಡು ಬರುತ್ತೇನಮ್ಮ?"

"ಗುಂಯ್ಯ್" ಎಂದು ರಾಗ ತೆಗೆಯಿತು.

"ಬೇಡ!"

ಎರಡನೆಯದು "ಸಣ್ಣಗೆ ಬರುತ್ತೆ" ಎಂದು ನಾಚಿತು. ಅದೂ ಬೇಡ. ಮೂರನೆಯದು ತಿಂಡಿಡಬ್ಬಿಯಷ್ಟಿತ್ತು.

"ಹಾಡು?"

"ಬರೋದಿಲ್ಲ."

"ಊಟ?"

"ಒಂದು ಬಲ್ಬು ಉಣ್ಣೋವಷ್ಟು."

"ಸೆಕೆಯಾದರೆ?"

"ಮೈಯೆಲ್ಲ ಗೀರು ಗೀರು ಇದೆ, ಕಾವನ್ನ ಅದರಿಂದಲೇ ಹೊರಕ್ಕೆ ಬಿಡ್ತೀನಿ. ಕೆಲಸ ಮಾತ್ರ ಸ್ವಲ್ಪ ನಿಧಾನ."

"ನನಗೇನು ರೈಲು ಹಿಡಿಯೋದಿದೆಯಾ?" ಅಂದ ದೊರೆ. ಅಲ್ಲೇ ತಾಂಬೂಲ ಬದಲಾಯಿಸಿದರು.

ಹಳೆಯದನ್ನು ಬಂದ್ ಮಾಡಿದರು. ಅರಮನೆ ಎಷ್ಟು ಸುಮ್ಮನಾಯಿತೆಂದರೆ ಭರಣಿಯಲ್ಲಿ ಉಪ್ಪಿನಕಾಯಿ ಹುಳಿಯಾಗುವ ಸದ್ದು ಕೇಳಿಸಿತು. ದೊರೆ ಓಡಿದ.

"ಹೊನ್ನಾಜಿ, ಈಗ ಮಾತಾಡು!"

ರಾಣಿ ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ಏನೂ ಇಲ್ಲ. ಫ್ಯಾನಿನ ಗಾಳಿಗೆ ಅವಳ ಮಾತುಗಳೆಲ್ಲ ಹಾರಿಹೋಗಿ ಖಾಲಿಯಾಗಿದ್ದವು. ಅವಳು ಕಿಟಕಿಯತ್ತ ಕೈ ತೋರಿಸಿದಳು.

ಗಾಳಿ ಹೋದ ದಾರಿ ಹಿಡಿದು ದೊರೆ ಪಕ್ಕದೂರಿಗೆ ಹೋದ. ಅಲ್ಲೊಬ್ಬಳು ಮುದುಕಿ ರಾಗಿ ಕೇರುತ್ತಿದ್ದಳು.

"ಅಜ್ಜಿ, ನನ್ನ ಹೆಂಡತಿ ಮಾತು ಈ ಕಡೆ ಬಂದವಾ?"

"ಬರ್ದೆ ಏನು ಬುದ್ಧಿ? ಸಾರಿಗೆ ಉಪ್ಪು ಸಾಲದು ಅಂತ ಬಂದ್ರೆ ನಾವೇ ಹಾಕ್ಕತಿದ್ವಿ. ಸಂಜೆ ಮಾತ್ರ ದಿನಾ ಒಂದೇ ಮಾತು. ಇಪ್ಪತ್ತು ವರ್ಸದಲ್ಲಿ ಒಂದಿನಾನೂ ತಪ್ಪಿಲ್ಲ."

"ಏನಂತ?"

"'ರೀ, ಬನ್ನಿ, ಒಂದ್ಗಳಿಗೆ ಜಗಲಿ ಮೇಲೆ ಕೂತ್ಕೊಳ್ಳೋಣ' ಅಂತ. ಊರೋರೆಲ್ಲ ಹೋಗಿ ಕೂತ್ಕತಿದ್ವಿ."

ದೊರೆ ಅಲ್ಲೇ ಅತ್ತುಬಿಟ್ಟ. ಅವನ ಅಷ್ಟೂ ಸಂಜೆಗಳು ಪಕ್ಕದೂರಿನವರ ಪಾಲಾಗಿದ್ದವು. ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಬೇಕೆಂದು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.

ಹೊನ್ನಾಜಮ್ಮ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಅವಳ ಹತ್ತಿರ ಮಾತಿರಲಿಲ್ಲ. ಇವನಿಗೆ ಮಾತಾಡುವ ಮುಖವಿರಲಿಲ್ಲ. ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು. ಅವನು ಕೂತ.

ಇದರ ನೀತಿ ಇಷ್ಟೇ: ಕಂಪ್ಯೂಟರ್ ಕೊಳ್ಳುವ ಮುಂಚೆ ಪಕ್ಕದೂರಿನವರನ್ನು ವಿಚಾರಿಸಿ. ಅವರಿಬ್ಬರೂ ಅಲ್ಲಿ ಕೂತರು, ನಾವಿನ್ನು ಏಳೋಣ.