ಬಸುರಿ ವಿಮಾನಕ್ಕೆ ತ್ಯಾಪೆ ಹಾಕಿದ ಮೋನಾಚಾರಿ

ಬಹಳ ಹಿಂದೆ, ಯಾವ ಇಸವಿ ಅಂತ ಮಾತ್ರ ನನ್ನ ಕೇಳಬೇಡಿ, ಬೋಳುದಿಣ್ಣೆ ಅಂತ ಒಂದೂರಿತ್ತಂತೆ. ಯಾವೂರು ಅಂತ ಮುಖ ನೋಡ್ತೀರಲ್ಲ, ಇದೇ ಊರು ಕಣ್ರೋ, ನೀವು ಕೂತಿರೋದೇ. ಇಲ್ಲಿ ಮೋನಾಚಾರಿ ಅಂತ ಒಬ್ಬ ಕಂಚುಗಾರ ಇದ್ದನಂತೆ. ತೂತು ಬಿದ್ದ ಬಿಂದಿಗೆಗೆ ಅವನು ತ್ಯಾಪೆ ಹಾಕಿದರೆ ಬಿಂದಿಗೆ ಸವೆದು ಹೋದರೂ ತ್ಯಾಪೆ ಉಳೀತಿತ್ತಂತೆ. ತೂತು ಹೇಗಾಯ್ತು ಅಂತ ತಪ್ಪದೆ ಕೇಳ್ತಿದ್ದನಂತೆ. ಅದರಲ್ಲಿ ಏನು ತುಂಬ್ತೀರಿ ಅಂತ ಒಂದು ದಿನಾನೂ ಕೇಳಿದವನಲ್ಲ.

ಆಗ ಯಾರ್ಯಾರಿಗೋ ಯುದ್ಧ. ಊರ ಮುಂದಿನ ಬಯಲು ಮಟ್ಟಸವಾಗಿದೆ ಅಂತ ಸಿಪಾಯಿಗಳು ಬಂದು ಅಲ್ಲಿ ವಿಮಾನ ಇಳಿಸೋ ಜಾಗ ಮಾಡಿದರಂತೆ. ಒಂದು ದಿನ ಊರಷ್ಟು ದೊಡ್ಡ ವಿಮಾನ ಇಳೀತಂತೆ, ಮೈಯೆಲ್ಲ ತೂತು. ಅವರ ಮಿಸ್ತ್ರಿಗಳು ಕೈಚೆಲ್ಲಿ ಕೂತಾಗ ಮೋನಾಚಾರಿ ತಗಡು ಕತ್ತರಿಸಿ, ರಿವೆಟ್ಟು ಬಡಿದು, ಮೂರೇ ದಿನಕ್ಕೆ ಅದನ್ನ ಹಾರಿಸಿ ಕಳಿಸಿದನಂತೆ. ಆಮೇಲೆ ಎಲ್ಲಿ ಏಟು ಬಿದ್ದರೂ ಅದು ಇಲ್ಲಿಗೇ ಬರ್ತಿತ್ತಂತೆ. ಹೋಗುವಾಗ ಹೊಟ್ಟೆ ಭಾರ, ಬರುವಾಗ ಹಗುರ. ಅದಕ್ಕೇ ಹೆಂಗಸರು ಅದನ್ನ ಬಸುರಿ ಅಂತ ಕರೆದರಂತೆ.

ಇನ್ನು ಮುಂದಿನದು ಹೇಳೋಕೆ ನನ್ನ ನಾಲಿಗೆ ಏಳಲ್ಲ. ಹೇಳ್ತೀನಿ, ನಗಬೇಡಿ. ಬಸುರಿ ಹೊರಟಳು ಅಂದರೆ ಊರ ಹೆಂಗಸರು ಆರತಿ ತಟ್ಟೆ ಹಿಡಿದು ಬಯಲಿಗೆ ಹೋಗ್ತಿದ್ದರಂತೆ. ಅದರ ಹೊಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಹತ್ತಿರ ಮಡಿಲಕ್ಕಿ ಇಟ್ಟು, ಸುಖವಾಗಿ ಹೆತ್ತು ಬಾರಮ್ಮಾ ಅಂತಿದ್ದರಂತೆ. ನಮ್ಮಜ್ಜಿಯೂ ಇಟ್ಟಿದ್ದಳು. ಇದಕ್ಕೆ ಅಂತೆ ಗಿಂತೆ ಇಲ್ಲ, ಸಾಯೋ ಮುಂಚೆ ಅವಳೇ ಹೇಳಿದ್ದು. ಸಿಪಾಯಿಗಳು ಬಿಸ್ಕತ್ತು ಹಂಚ್ತಿದ್ದರು, ಊರಿಗೂರೇ ತಿಂದಿತು.

ಒಂದು ದಿನ ಏಳು ಬೆಟ್ಟದ ಆಚೆಯಿಂದ ಒಬ್ಬ ಹೆಂಗಸು ನಡೆದು ಬಂದಳಂತೆ. ತೋಪಮ್ಮ ಅಂತ. ಕಂಕುಳಲ್ಲಿ ಒಂದು ತಾಮ್ರದ ಬಿಂದಿಗೆ, ಜರಡಿ ಥರ ತೂತು. ತೂತು ಹೇಗಾಯ್ತು ತಾಯಿ ಅಂತ ಮೋನಾಚಾರಿ ಕೇಳಿದನಂತೆ. ಅವಳು ಬಾಯಿ ಬಿಡೋಕೂ ಬಸುರಿ ಗುಂಯ್‌ಗುಟ್ಟುತ್ತಾ ಬಯಲಿಗೆ ಇಳಿಯೋಕೂ ಸರಿಹೋಯ್ತಂತೆ. ತೋಪಮ್ಮ ಬಿಂದಿಗೆ ಬಿಸಾಕಿ, ಕಿವಿ ಮುಚ್ಚಿಕೊಂಡು, ಬೀದಿಯಲ್ಲೇ ಬೋರಲು ಬಿದ್ದಳಂತೆ. ಖಾಲಿ ಮಡಿಲನ್ನ ನೆಲಕ್ಕೆ ಒತ್ತಿ ಹಿಡಿದು, ಕೂಸು ಕೂಸು ಅಂತಿದ್ದಳಂತೆ. ಅವಳ ಕೂಸು ಎಂದೋ ಇದೇ ಸದ್ದಿನ ಕೆಳಗೆ ಹೋಗಿತ್ತು. ಆ ವಿಮಾನ ಹೆತ್ತು ಬರ್ತಿದ್ದದ್ದು ಏನನ್ನ ಅಂತ ಆವತ್ತು ಊರಿಗೆಲ್ಲ ತಿಳೀತಂತೆ.

ಮೋನಾಚಾರಿ ಉಳಿ, ಸುತ್ತಿಗೆ ಎತ್ತಿಕೊಂಡು ಬಯಲಿಗೆ ಹೋದನಂತೆ. ನಾನು ಹಾಕಿದ್ದನ್ನ ನಾನೇ ಕೀಳ್ತೀನಿ, ಇದು ಇನ್ನು ಏಳಬಾರದು ಅಂತ ಹೋದನಂತೆ. ಅವನನ್ನ ಕಂಡು ವಿಮಾನದ ಸಾಹೇಬರು, ಭೇಷ್ ಆಚಾರಿ, ಇಷ್ಟು ವರ್ಷವಾದರೂ ನಿನ್ನ ತ್ಯಾಪೆ ಒಂದೂ ಅಲ್ಲಾಡಿಲ್ಲ ಅಂದರಂತೆ. ಇವನು ಹೊಟ್ಟೆಯ ಕೆಳಗೆ ನುಸುಳಿ ಕೈಯಾಡಿಸಿದನಂತೆ. ಒಂದು ರಿವೆಟ್ಟು ಸಡಿಲವಾಗಿತ್ತು. ಉಳಿ ಇಟ್ಟು ಎಬ್ಬಿಸಿದ್ದರೆ ಮುಗೀತಿತ್ತು. ಅಯ್ಯೋ, ಆ ಹಾಳು ಕೈ! ಎಬ್ಬಿಸಲಿಲ್ಲ ಕಣ್ರಪ್ಪಾ. ಸಡಿಲ ಕಂಡ ಕೂಡಲೇ ಟಕ ಟಕ ಅಂತ ಬಡಿದು ಬಿಗಿ ಮಾಡಿಬಿಟ್ಟಿತಂತೆ. ಅವನಿಗೆ ಎಚ್ಚರ ಆಗೋಷ್ಟರಲ್ಲಿ ಸಿಪಾಯಿಗಳು ಅವನನ್ನ ಆಚೆ ಸರಿಸಿ ವಿಮಾನ ಹಾರಿಸಿದ್ದರಂತೆ.

ಅದು ಮತ್ತೆ ಇಲ್ಲಿ ಇಳಿಯಲಿಲ್ಲ. ಇಳಿಯೋ ಅಗತ್ಯವೇ ಬರಲಿಲ್ಲ, ಅಷ್ಟು ಗಟ್ಟಿ ಕೆಲಸ. ಮೊದಲು ಹಾರಿಸಿದವರು ಮುದುಕರಾದರಂತೆ, ಅವರ ಮಕ್ಕಳು ಹಾರಿಸಿದರಂತೆ, ಈಗ ಮೊಮ್ಮಕ್ಕಳು ಹಾರಿಸ್ತಾರಂತೆ. ವಿಮಾನ ಅದೇ, ತ್ಯಾಪೆ ಅದೇ.

ಮೋನಾಚಾರಿ ತೋಪಮ್ಮ ಬಿಸಾಕಿದ್ದ ಬಿಂದಿಗೆಗೆ ತ್ಯಾಪೆ ಹಾಕಿ, ನೀರು ತುಂಬಿ, ಹೊರಗಿಂದ ಅಂಗೈ ಒತ್ತಿ ನೋಡಿ, ತಲೆ ತಗ್ಗಿಸಿ ಕೊಟ್ಟನಂತೆ. ಆ ವಿಮಾನಾನ ಸರಿಮಾಡಿದ್ದೂ ಇದೇ ಕೈಯಾ ಅಂತ ತೋಪಮ್ಮ ಕೇಳಿದಳಂತೆ. ಹೂಂ ತಾಯಿ ಅಂದನಂತೆ. ಅವಳು ಬಿಂದಿಗೆ ಅಲ್ಲೇ ಬಿಟ್ಟು ಬರಿಗೈಲಿ ಹೊರಟುಹೋದಳಂತೆ.

ಆ ಬಿಂದಿಗೆ ಕಂಚುಗಾರರ ಬೀದಿಯಲ್ಲಿ ಇನ್ನೂ ತೂಗುಬಿದ್ದಿದೆ, ಹೋಗಿ ನೋಡಿ. ಇವತ್ತಿಗೂ ನೀವು ಒಂದು ಚೊಂಬು ತಗೊಂಡು ಹೋದರೆ, ಇದರಲ್ಲಿ ಏನು ತುಂಬ್ತೀರಿ ಅಂತ ಮೊದಲು ಕೇಳ್ತಾರೆ. ನೀರು ಅನ್ನಿ, ಹಾಲು ಅನ್ನಿ, ಹೇಳೋವರೆಗೂ ಸುತ್ತಿಗೆ ಮುಟ್ಟಲ್ಲ. ಮೇಲೆ ವಿಮಾನದ ಸದ್ದಾದರೆ ನಮ್ಮೂರ ಹೆಂಗಸರು ಯಾರೂ ತಲೆ ಎತ್ತಲ್ಲ. ಕುಂಕುಮ ಹಚ್ಚಿದ ಬೆರಳನ್ನ ಸೆರಗಿನಲ್ಲಿ ಮುಚ್ಚಿಕೊಳ್ತೀವಿ.